ಹೊರಗಿನ ಕೊಂಡಿ ಬಿಚ್ಚುವ ಬೀಗದಕ್ಕ

ಬೆಳಗಿನ ಐದು ಗಂಟೆ. ಬಟ್ಟೆ ಕಾರ್ಖಾನೆಯ ಮಹಿಳಾ ಹಾಸ್ಟೆಲಿನ ಮೂರನೇ ಮಹಡಿ. ರಾತ್ರಿ ಪಾಳಿಯವರು ಇನ್ನೂ ಬಂದಿಲ್ಲ. ಬೆಳಗಿನ ಪಾಳಿಯವರು ಬಕೆಟ್ ಹಿಡಿದು ನಲ್ಲಿಯ ಮುಂದೆ ಸಾಲುಗಟ್ಟಿದ್ದಾರೆ. ಕಾರಿಡಾರಿನ ತುದಿಯಲ್ಲಿ, ಹಿಂಬದಿಯ ಮೆಟ್ಟಿಲಿಗೆ ತೆರೆದುಕೊಳ್ಳುವ ಬಾಗಿಲ ಮುಂದೆ, ಹೆಂಗಸೊಬ್ಬರು ಮೊಣಕಾಲೂರಿ ಕೂತಿದ್ದಾರೆ. ತುಟಿಗಳ ನಡುವೆ ಎರಡು ಸ್ಕ್ರೂ, ಕಿವಿಯ ಮೇಲೆ ಪೆನ್ಸಿಲ್, ಮೊಣಕಾಲಿನ ಕೆಳಗೆ ಮಡಚಿಟ್ಟ ಗೋಣಿ. ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದಾರೆ. ಒಳಗಿನಿಂದ ಆ ಪಟ್ಟಿಯನ್ನು ತಳ್ಳಿದರೆ ಸಾಕು, ಚಿಲಕ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕೊನೆಯ ಸ್ಕ್ರೂ ಬಿಗಿದು ಎದ್ದವರೇ ಸಾಲಿನಿಂದ ಒಬ್ಬಳನ್ನು ಕರೆಯುತ್ತಾರೆ. "ಬಾಮ್ಮ ಇಲ್ಲಿ. ಬಕೆಟ್ ಕೆಳಗಿಡ್ಬೇಡ. ಎರಡೂ ಕೈಯಲ್ಲಿ ಹಿಡ್ಕೊಂಡೇ ಬಾಗಿಲು ತೆಗಿ ನೋಡೋಣ."

ಆಕೆ ನಗುತ್ತಾ ಬಂದು ಸೊಂಟದಿಂದ ಪಟ್ಟಿಯನ್ನು ದೂಡುತ್ತಾಳೆ. ಬಾಗಿಲು ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಹೆಂಗಸಿನ ಹುಬ್ಬು ಗಂಟಿಕ್ಕುತ್ತದೆ. ಮತ್ತೆ ಕೂತು, ಕೀಲುಗಳಿಗೆ ಎಣ್ಣೆ ಬಿಟ್ಟು, ಅರದಿಂದ ನಾಲ್ಕು ಸಲ ಉಜ್ಜಿ, "ಇನ್ನೊಂದ್ಸಲ" ಎನ್ನುತ್ತಾರೆ. ಮೂರನೆಯ ಸಲಕ್ಕೆ ಬಾಗಿಲು ಗಾಳಿಗೆ ತೆರೆದಂತೆ ತೆರೆದುಕೊಳ್ಳುತ್ತದೆ. ಮೆಟ್ಟಿಲ ಕಡೆಯ ತಣ್ಣನೆ ಗಾಳಿ ಕಾರಿಡಾರಿನೊಳಗೆ ನುಗ್ಗುತ್ತದೆ.

"ಓಡುವಾಗ ಯಾರ ಕೈಯೂ ಖಾಲಿ ಇರಲ್ಲ. ಒಬ್ಬಳು ಚೀಲ ಹಿಡ್ಕೊಂಡಿರ್ತಾಳೆ, ಒಬ್ಬಳು ಬಿದ್ದವಳನ್ನ ಎಳ್ಕೊಂಡು ಬರ್ತಿರ್ತಾಳೆ. ಬಾಗಿಲು ಸೊಂಟಕ್ಕೆ, ಭುಜಕ್ಕೆ ತೆರೀಬೇಕು. ಕೈ ಬೇಕು ಅನ್ನೋ ಬಾಗಿಲು ಬಾಗಿಲೇ ಅಲ್ಲ," ಎನ್ನುತ್ತಾರೆ ಸಾಮಾನನ್ನು ಚೀಲಕ್ಕೆ ತುಂಬುತ್ತಾ.

ಇಡೀ ಪೇಟೆಗೆ ಇವರು ಬೀಗದಕ್ಕ. ವಯಸ್ಸು ಐವತ್ತನಾಲ್ಕು. ಎರಡು ಹಾಸ್ಟೆಲುಗಳ ಮೂವತ್ತೆಂಟು ಬಾಗಿಲುಗಳು ಇವರ ಉಸ್ತುವಾರಿಯಲ್ಲಿವೆ. ವಾರಕ್ಕೆ ನಾಲ್ಕು ಬೆಳಿಗ್ಗೆ, ಒಂದೊಂದು ದಿನಕ್ಕೆ ಒಂಬತ್ತೋ ಹತ್ತೋ ಬಾಗಿಲು. ಯಾವ ದಿನ ಯಾವ ಮಹಡಿ ಎಂಬುದು ಇವರೊಬ್ಬರಿಗೇ ಗೊತ್ತು. ಆರೂವರೆಗೆ ಹಾಸ್ಟೆಲ್ ಬಿಟ್ಟು ಒಂಬತ್ತಕ್ಕೆ ಅಂಗಡಿ ತೆರೆದರೆ ಸಂಜೆ ಏಳರವರೆಗೆ ಬಿಡುವಿಲ್ಲ. ದಿನಕ್ಕೆ ಇಪ್ಪತ್ತೈದು ಮೂವತ್ತು ಬೀಗದಕೈ ಕತ್ತರಿಸುತ್ತಾರೆ. ಜೊತೆಗೆ ಸ್ವಂತ ಮನೆಯ ಹೊರಗೆ ತಾವೇ ಸಿಕ್ಕಿಹಾಕಿಕೊಂಡ ನಾಲ್ಕೈದು ಮಂದಿಯ ಕರೆ ಬಂದೇ ಬರುತ್ತದೆ. "ಮಕ್ಕಳಿಲ್ಲದಿದ್ರೂ ಊರಿಗೆಲ್ಲಾ ಬೀಗರು ನಾನು. ಬೀಗ ಕೆಟ್ಟಾಗ ಮಾತ್ರ ನೆನಪಾಗೋ ಬೀಗರು," ಎಂದು ತಮಾಷೆ ಮಾಡುತ್ತಾರೆ.

ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ತ್ರಿಕೋನ. ನಿಂತರೆ ಒಂದು ಕಡೆ ತಲೆ ತಾಗುತ್ತದೆ. ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಬೀಗದಕೈಗಳು. ಇದು ಅಪ್ಪನ ಅಂಗಡಿ. ಅಪ್ಪನ ಕಣ್ಣು ಮಂಜಾಗುತ್ತಾ ಬಂದಾಗ ಒಂಬತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರಂತೆ. ಅಣ್ಣ ಲಾರಿಯ ಸ್ಟೇರಿಂಗ್ ಹಿಡಿದ, ತಂಗಿ ಅರ ಹಿಡಿದಳು. "ಹೆಣ್ಣು ಬೀಗ ತೆಗೆಯೋದು ಕಲಿತ್ರೆ ಕಳ್ಳಿ ಅಂತಾರೆ ಅಂದ್ರು ನೆಂಟರು. ನಮ್ಮಪ್ಪ, 'ಹಾಕೋದು ಕಲಿಸಿದ್ಮೇಲೆ ತೆಗೆಯೋದು ಕಲಿಸ್ದೆ ಇರೋಕಾಗುತ್ತಾ?' ಅಂದ್ರು."

ಆ ಹಾಕುವ ಕೆಲಸವೇ ಒಮ್ಮೆ ಇವರ ಬದುಕನ್ನು ಬುಡಮೇಲು ಮಾಡಿತು. ಹನ್ನೊಂದು ವರ್ಷದ ಹಿಂದಿನ ಮಾತು. ಊರಿನ ಅತಿ ದೊಡ್ಡ ಬಟ್ಟೆ ಕಂಪನಿಯ ಮ್ಯಾನೇಜರ್ ಅಂಗಡಿಗೇ ಬಂದರು. ಹಾಸ್ಟೆಲಿನ ಹದಿನಾಲ್ಕು ಬಾಗಿಲಿಗೆ ಕೊಂಡಿ, ಬೀಗ ಆಗಬೇಕು. ಎಲ್ಲವೂ ಹೊರಗಡೆಯಿಂದ. ಬೀಗದಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು: "ಒಳಗಿದ್ದವ್ರಿಗೆ ಅರ್ಜೆಂಟಾದ್ರೆ?"

"ವಾಚ್‌ಮನ್ ಇರ್ತಾನೆ. ಹುಡುಗೀರ ರಕ್ಷಣೆಗೇ ಇದೆಲ್ಲ," ಎಂದರು ಮ್ಯಾನೇಜರ್.

ಬೀಗದಕ್ಕ ಒಪ್ಪಿಕೊಂಡರು. ಎರಡು ದಿನ ಕೂತು ಹದಿನಾಲ್ಕು ಕೊಂಡಿ ಬಡಿದು ಬಂದರು. ನಿಜವಾದ ಕಾರಣ ಅವರಿಗೆ ಆಮೇಲೆ ತಿಳಿಯಿತು. ರಾತ್ರಿ ಪಾಳಿ ಮುಗಿಸಿದ ಹೆಣ್ಣುಮಕ್ಕಳು ಹಗಲು ಹೊತ್ತಿನಲ್ಲಿ ಹೊರಗೆ ಹೋಗಿ ಬೇರೆ ಕೆಲಸ ಹುಡುಕಬಾರದು, ಊರಿಗೆ ಓಡಿಹೋಗಬಾರದು ಎಂಬುದೇ ಆ 'ರಕ್ಷಣೆ'ಯ ಒಳಗುಟ್ಟು.

ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೂರು ಗಂಟೆಗೆ ಹಾಸ್ಟೆಲಿನ ಕಡೆಯಿಂದ ಹೊಗೆ ಎದ್ದಿತು. ಕೆಳಗಿನ ಕೋಣೆಯ ಕರೆಂಟ್ ತಂತಿಗೆ ಹತ್ತಿದ ಬೆಂಕಿ. ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಒಂಬತ್ತು ಮಂದಿ ಮಲಗಿದ್ದರು. ಬೀಗದಕೈ ಗೊಂಚಲು ವಾಚ್‌ಮನ್ ಸೊಂಟದಲ್ಲಿತ್ತು, ವಾಚ್‌ಮನ್ ಲಾರಿ ಇಳಿಸಲು ಮುಂದಿನ ಗೇಟಿಗೆ ಹೋಗಿದ್ದ. ಸುದ್ದಿ ಕೇಳಿದ ಬೀಗದಕ್ಕ ಸಾಮಾನಿನ ಚೀಲ ಹಿಡಿದು ಎರಡು ಬೀದಿ ಓಡಿದರು. ತಾವು ಹಾಕಿದ್ದ ಬೀಗಕ್ಕೆ ತಾವೇ ಕೈಹಾಕಿದರು. ಬೀಗ ಕಾದಿತ್ತು. ಬಲ ಅಂಗೈಯ ಚರ್ಮ ಇವತ್ತಿಗೂ ಅಲ್ಲಿ ನುಣ್ಣಗೆ, ರೇಖೆಗಳೇ ಇಲ್ಲದೆ ಹೊಳೆಯುತ್ತದೆ.

"ನಾನು ಹಾಕಿದ ಬೀಗ ತೆಗೆಯೋಕೆ ನನಗೆಷ್ಟು ಹೊತ್ತು? ಇಪ್ಪತ್ತು ಎಣಿಸೋದ್ರೊಳಗೆ ತೆಗೆದೆ. ಆದ್ರೆ ನಾನು ಬಂದು ಮುಟ್ಟಿದ್ದೇ ತಡ ಆಗಿತ್ತು," ಎನ್ನುತ್ತಾರೆ. ಐದು ಮಂದಿ ಉಳಿದರು. ನಾಲ್ವರು ಉಳಿಯಲಿಲ್ಲ. ಆ ನಾಲ್ವರ ಹೆಸರನ್ನು ಬೀಗದಕ್ಕ ಯಾವ ಸಭೆಯಲ್ಲೂ ಹೇಳುವುದಿಲ್ಲ. ಅವರ ಮನೆಯವರ ಅಪ್ಪಣೆ ಕೇಳಿಲ್ಲ ಎಂಬುದು ಅವರ ವಾದ.

ವಿಚಾರಣೆ ಶುರುವಾಯಿತು. ಕಂಪನಿ ಬಲು ಸಲೀಸಾಗಿ ಕೈತೊಳೆದುಕೊಂಡಿತು. ತಮ್ಮ ಸಾಮಾನು ಕಳುವಾಗದಿರಲೆಂದು ಹೆಣ್ಣುಮಕ್ಕಳೇ ಪೇಟೆಯಿಂದ ಬೀಗ ತಂದು ಹಾಕಿಸಿಕೊಂಡಿದ್ದರು ಎಂದಿತು. ಬೀಗ ಯಾರ ಅಂಗಡಿಯದು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ, ಒಬ್ಬರನ್ನು ಬಿಟ್ಟು. ತಾವು ಮಾರಿದ ಪ್ರತಿ ಬೀಗದ ತಳದಲ್ಲೂ ಒಂದು ಗೆರೆ, ಎರಡು ಚುಕ್ಕೆ ಕೊರೆಯುವುದು ಅಪ್ಪನಿಂದ ಬಂದ ರೂಢಿ. ಸುಮ್ಮನಿದ್ದಿದ್ದರೆ ಆ ಗುರುತು ಯಾರಿಗೂ ತಿಳಿಯುತ್ತಿರಲಿಲ್ಲ. ಬೀಗದಕ್ಕ ತಾವಾಗಿಯೇ ಹೋಗಿ ಅಧಿಕಾರಿಯ ಮೇಜಿನ ಮುಂದೆ ನಿಂತರು. "ಈ ಬೀಗ ನನ್ನದು. ಹದಿನಾಲ್ಕೂ ನನ್ನವೇ. ಮ್ಯಾನೇಜರ್ ಪಕ್ಕದಲ್ಲಿ ನಿಂತು ಹೊರಗಿಂದ ಹಾಕ್ಸಿದ್ರು, ನಾನು ಹಾಕ್ದೆ. ನನಗೇನು ಶಿಕ್ಷೆಯೋ ಬರ್ಕೊಳ್ಳಿ. ಅವ್ರಿಗೇನು ಅಂತಾನೂ ಬರ್ಕೊಳ್ಳಿ."

ಕಂಪನಿ ದಂಡ ಕಟ್ಟಿತು. ವರ್ಷ ತುಂಬುವುದರೊಳಗೆ ಬೇರೆ ಕಟ್ಟಡಗಳಲ್ಲಿ ಹಾಸ್ಟೆಲ್ ತೆರೆಯಿತು. ಬೀಗದಕ್ಕನಿಗೆ ಬಿದ್ದ ಪೆಟ್ಟು ಮಾತ್ರ ಉದ್ದದ್ದು. ಕಂಪನಿಯ ಕಡೆಯ ಗುತ್ತಿಗೆದಾರರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಕಟ್ಟಡದ ಮಾಲೀಕರು ಜಾಗ ಬಿಡಿ ಎಂದು ಪೀಡಿಸಿದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಅಂಗಡಿಯ ಶಟರಿನ ಬೀಗದೊಳಗೆ ಯಾರೋ ಅಂಟು ಸುರಿದಿದ್ದರು. ಅದನ್ನು ಹೇಳುವಾಗ ಇವರಿಗೆ ನಗು ತಡೆಯುವುದಿಲ್ಲ. "ಬೀಗದವಳ ಬೀಗಕ್ಕೇ ಅಂಟು! ಅರೆಗಳಿಗೇಲಿ ತೆಗೆದೆ. ಆ ಪುಣ್ಯಾತ್ಮರು ಪಕ್ಕದ ಅಂಗಡಿಗೆ ಸುರಿದಿದ್ರೆ ನನಗೊಂದು ಗಿರಾಕಿಯಾದ್ರೂ ಸಿಗ್ತಿತ್ತು."

ಕತೆ ಇಲ್ಲಿಗೇ ನಿಂತಿದ್ದರೆ ಇವರು ಪಶ್ಚಾತ್ತಾಪಪಟ್ಟ ಒಬ್ಬ ಕಸುಬುದಾರರಾಗಿ ಉಳಿಯುತ್ತಿದ್ದರು. ಅದನ್ನು ಮುಂದಕ್ಕೆ ಎಳೆದದ್ದು ಇವರ ಯಜಮಾನರು. ಮನೆಗಳಿಗೆ ಬಣ್ಣ ಬಳಿದು ಬಳಿದು ಉಬ್ಬಸ ಹತ್ತಿಸಿಕೊಂಡ ಅವರು ಈಗ ಮನೆಯಲ್ಲೇ ಇರುತ್ತಾರೆ, ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಆರು ವರ್ಷದ ಹಿಂದೆ ಒಂದು ಭಾನುವಾರ ಅವರ ಕೈಗೆ ಸಿಕ್ಕಿದ್ದು ಕಸುಬುದಾರರ ಸಂಘದ ವಾರ್ಷಿಕ ವರದಿ. ಚಪ್ಪಲಿ ಹೊಲಿಯುವವರು, ಗಡಿಯಾರ ರಿಪೇರಿಯವರು, ಸೈಕಲ್ ಮೆಕ್ಯಾನಿಕ್‌ಗಳು, ಕೊಡೆ ಸರಿಮಾಡುವವರು, ಹೀಗೆ ಬೀಗದಕ್ಕನೂ ಸೇರಿ ಎರಡು ಸಾವಿರದ ಮುನ್ನೂರು ಮಂದಿಯ ಸಂಘ ಅದು. ಅದಕ್ಕೊಂದು ಪಿಂಚಣಿ ನಿಧಿ. ಆ ನಿಧಿ ಯಾವ ಯಾವ ಕಂಪನಿಗಳ ಷೇರು ಕೊಂಡಿದೆ ಎಂಬ ಪಟ್ಟಿ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಯಾರೂ ಓದದ ಪುಟ.

"ಲೇ, ಈ ಹೆಸರು ಎಲ್ಲೋ ಕೇಳಿದಂಗಿದೆಯಲ್ಲೇ," ಎಂದರು ಯಜಮಾನರು. ಬೀಗದಕ್ಕ ಬಂದು ಬಗ್ಗಿ ನೋಡಿದರು. ಅದೇ ಕಂಪನಿ.

"ಆವತ್ತು ಬರೀ ನನ್ನ ಕೈ ಇತ್ತು ಅಂದ್ಕೊಂಡಿದ್ದೆ. ನೋಡಿದ್ರೆ ಚಪ್ಪಲಿ ಹೊಲಿಯೋ ತಾತನ ಕೈಯೂ ಇದೆ, ಸೈಕಲ್ ರಿಪೇರಿಯವ್ರ ಕೈಯೂ ಇದೆ. ಅವ್ರಿಗೆ ಗೊತ್ತೇ ಇಲ್ಲ. ನಮ್ಮ ಮುದಿತನದ ಊಟ ಆ ಬೀಗದ ಹಿಂದೆ ಬೇಯ್ತಾ ಇದೆ ಅನ್ನಿಸ್ತು," ಎಂದು ಆ ಗಳಿಗೆಯನ್ನು ನೆನೆಯುತ್ತಾರೆ.

ಆ ವರ್ಷದ ಮಹಾಸಭೆಯಲ್ಲಿ ಕೈಯೆತ್ತಿ ನಿಂತು, ಈ ಕಂಪನಿಯ ಷೇರು ನಮಗೇಕೆ, ಮಾರಿಬಿಡಬಾರದೇ ಎಂದು ಕೇಳಿದರು. ಸಂಘದ ಅಧ್ಯಕ್ಷರು ತೂಕದ ಯಂತ್ರ ರಿಪೇರಿ ಮಾಡುವ ಹಿರಿಯರು, ಕೆಟ್ಟವರಲ್ಲ. ಆದರೆ ಊಟದ ಹೊತ್ತಾಗುತ್ತಿತ್ತು. "ಅಕ್ಕಾ, ನೀವು ಬೀಗ ನೋಡ್ಕೊಳ್ಳಿ. ನಿಧಿ ನಾವು ನೋಡ್ಕೋತೀವಿ," ಎಂದರು. ಸಭೆ ಗೊಳ್ಳೆಂದು ನಕ್ಕಿತು.

"ನಾನೂ ಹಂಗೇ ಅಂದ್ಕೊಂಡಿದ್ದೆ, ಅಧ್ಯಕ್ಷರೇ. ನನ್ನ ಕೆಲ್ಸ ಬೀಗ, ಮಿಕ್ಕಿದ್ದು ಅವ್ರ ಕೆಲ್ಸ ಅಂತ. ಹಂಗಂದ್ಕೊಂಡೇ ಹದಿನಾಲ್ಕು ಹಾಕ್ದೆ," ಎಂದರು ಬೀಗದಕ್ಕ. ನಗು ನಿಂತಿತು. ಆದರೆ ಪ್ರಶ್ನೆಯೂ ಅಲ್ಲಿಗೇ ನಿಂತಿತು.

ಇವರು ಜಗ್ಗುವ ಆಸಾಮಿಯಲ್ಲ. ಹತ್ತರಲ್ಲಿ ಒಂದು ಪಾಲು ಸದಸ್ಯರ ಸಹಿ ಇದ್ದರೆ ಯಾವ ವಿಷಯವನ್ನೂ ಮತಕ್ಕೆ ಹಾಕಲೇಬೇಕು ಎಂಬ ನಿಯಮವನ್ನು ಯಜಮಾನರು ಹುಡುಕಿ ಓದಿದರು. ಸಹಿಗೆ ಹೊರಡುವ ಮುನ್ನ ಬೀಗದಕ್ಕ ಒಂದು ಮನೆಯ ಕದ ತಟ್ಟಿದರು. ಬೆಂಕಿಯಿಂದ ಬದುಕಿ ಬಂದ ಐವರಲ್ಲಿ ಒಬ್ಬಳ ಮನೆ ಅದು. ಅಂಗಿಗೆ ಕಾಲರ್ ಹೊಲಿಯುವುದು ಆಕೆಯ ಕೆಲಸ, ಜೊತೆಯವರು ಕರೆಯುವುದೂ 'ಕಾಲರ್' ಎಂದೇ. ಈಗ ಬಟ್ಟೆ ಕಾರ್ಖಾನೆಯ ಕಾರ್ಮಿಕರ ಸಂಘದ ಕಾರ್ಯದರ್ಶಿ.

"ಐದು ವರ್ಷ ಅಕ್ಕನ ಮುಖ ನೋಡೋಕೂ ನನಗಾಗ್ತಿರ್ಲಿಲ್ಲ," ಎನ್ನುತ್ತಾಳೆ ಕಾಲರ್ ಮುಚ್ಚುಮರೆಯಿಲ್ಲದೆ. "ಸಾಕ್ಷಿ ಹೇಳಿದ್ರು ನಿಜ. ಆದ್ರೆ ಹಾಕಿದವ್ರೂ ಅವ್ರೇ ಅಲ್ವಾ? ಆವತ್ತು ಬಾಗಿಲಲ್ಲಿ ನಿಂತು ಕ್ಷಮಿಸು ಅಂತ ಕೇಳ್ಲಿಲ್ಲ. ಕೇಳಿದ್ರೆ ಬಾಗಿಲು ಹಾಕ್ಬಿಡ್ತಿದ್ದೆ. 'ನಿಮಗಾದದ್ದನ್ನ ಹೇಳ್ಕೊಂಡು ನಾನು ಮೈಕ್ ಹಿಡಿಯೋದು ಸರಿನಾ, ಬೇಡ ಅಂದ್ರೆ ಇಲ್ಲಿಗೇ ಬಿಡ್ತೀನಿ' ಅಂದ್ರು. ಒಳಗೆ ಬನ್ನಿ ಅಂದೆ."

ಸಹಿ ಹಾಕಿಸುವುದು ಗುಡ್ಡಕ್ಕೆ ಕಲ್ಲು ಹೊತ್ತಷ್ಟೇ ಸುಲಭ! ಅಂಗಡಿ ಮುಚ್ಚಿದ ಮೇಲೆ ಸೈಕಲ್ ಹತ್ತಿ ಬೀದಿ ಬೀದಿ ಅಲೆದರು. ಚಪ್ಪಲಿ ಹೊಲಿಯುವ ತಾತ ಉಳಿಯಿಂದ ಕಣ್ಣೆತ್ತದೆ ಹೇಳಿದ: "ನಾವು ಬಿಟ್ರೆ ಇನ್ಯಾರೋ ತಗೋತಾರಮ್ಮ. ಏನು ಸಾಧಿಸಿದಂಗಾಯ್ತು?"

"ನಾನು ಹಾಕದಿದ್ರೆ ಇನ್ಯಾರೋ ಹಾಕ್ತಿದ್ರು ತಾತ. ಅದೂ ನಿಜವೇ," ಎಂದರು ಇವರು. "ಆದ್ರೆ ಹಾಕಿದ್ದು ಇನ್ಯಾರೋ ಅಲ್ಲವಲ್ಲ. ನಾನು."

ತಾತ ಉಳಿ ಕೆಳಗಿಟ್ಟು ಕೈ ಒರೆಸಿಕೊಂಡ. ಆಮೇಲೆ, "ಎಲ್ಲಿ ಒತ್ತಬೇಕು ಹೆಬ್ಬೆಟ್ಟು?" ಎಂದ. ಬೇಕಿದ್ದದ್ದು ಇನ್ನೂರ ಮೂವತ್ತು ಸಹಿ. ಮೂರು ತಿಂಗಳಲ್ಲಿ ಬಂದದ್ದು ಇನ್ನೂರ ಅರವತ್ತನಾಲ್ಕು.

ಎರಡನೇ ವರ್ಷದ ಸಭೆಗೆ ನಿಧಿಯ ಸಲಹೆಗಾರರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಅವರ ಮಾತಿನಲ್ಲಿ ತಿರುಳಿತ್ತು. ಷೇರು ಮಾರಿ ಹೊರಬಿದ್ದರೆ ಕಂಪನಿ ನಮ್ಮ ಮಾತೇಕೆ ಕೇಳುತ್ತದೆ? ಒಳಗಿದ್ದರೆ ಕೂತು ಮಾತಾಡಬಹುದು. ಮತ ಹಾಕಲು ಎದ್ದವರು ಅನುಮಾನಿಸಿ ಕೂತರು. ಬೀಗದಕ್ಕ ಅವರ ಬಾಯಿ ಮುಚ್ಚಿಸಲು ಹೋಗಲಿಲ್ಲ. "ಸರಿ ಸ್ವಾಮಿ, ಮಾತಾಡಿ. ಒಂದು ವರ್ಷ. ಮೂರೇ ಮಾತು ಕೇಳಿ. ಹೊರಗಿನ ಕೊಂಡಿ ತೆಗೀಬೇಕು. ಕೋಣೆಯ ಬೀಗದಕೈ ಕೋಣೆಯವ್ರ ಹತ್ರ ಇರ್ಬೇಕು. ಹೇಳದೆ ಕೇಳದೆ ಹೊರಗಿನವ್ರು ಬಂದು ನೋಡೋಕೆ ಬಿಡ್ಬೇಕು."

ವರ್ಷ ಕಳೆಯಿತು. ಕಂಪನಿಯಿಂದ ಉತ್ತರವಾಗಿ ಬಂದದ್ದು ಹೊಳೆಯುವ ಕಾಗದದ ಒಂದು ಪುಸ್ತಿಕೆ, 'ನಮ್ಮ ಹೊಣೆ, ನಮ್ಮ ಹೆಮ್ಮೆ' ಎಂಬ ತಲೆಬರಹ. ಒಳಗೆ ಸಸಿ ನೆಡುವ ಅಧಿಕಾರಿಗಳು. ಕೊಂಡಿಯ ವಿಷಯದಲ್ಲಿ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ನಾಲ್ಕು ಸಾಲು. ಹನ್ನೆರಡನೇ ಪುಟದಲ್ಲಿ ಹಾಸ್ಟೆಲಿನ ಕಾರಿಡಾರಿನಲ್ಲಿ ನಿಂತು ನಗುತ್ತಿರುವ ಆರು ಹೆಣ್ಣುಮಕ್ಕಳ ಚಿತ್ರ.

"ಚಿತ್ರದಲ್ಲಿ ಎಲ್ರೂ ನಗು ನೋಡ್ತಾರೆ, ನಾನು ಬಾಗಿಲು ನೋಡ್ತೀನಿ. ಕಸುಬು ನೋಡಿ," ಎನ್ನುತ್ತಾರೆ. ಹುಡುಗಿಯರ ಹಿಂದೆ ಅರ್ಧ ತೆರೆದ ಬಾಗಿಲಿತ್ತು, ಅದರ ಹೊರಮೈ ಕ್ಯಾಮೆರಾದ ಕಡೆಗಿತ್ತು. ಹೊರಮೈಯಲ್ಲಿ ಕೊಂಡಿ. ಬಳಸದೆ ಬಿಟ್ಟ ಕೊಂಡಿ ಮಂಕಾಗುತ್ತದೆ, ಅಂಚಿನಲ್ಲಿ ತುಕ್ಕು ಹಿಡಿಯುತ್ತದೆ. ಈ ಕೊಂಡಿಯ ಬಾಯಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ದಿನಕ್ಕೆರಡು ಸಲ ಬೀಗ ಉಜ್ಜಿದರೆ ಮಾತ್ರ ಬರುವ ಹೊಳಪು ಅದು.

ಮೂರನೇ ವರ್ಷದ ಸಭೆಗೆ ಆ ಪುಟವನ್ನು ಬಾಗಿಲಷ್ಟೇ ದೊಡ್ಡದಾಗಿ ಮುದ್ರಿಸಿಕೊಂಡು, ಯಜಮಾನರ ಜೊತೆ ಒಂದೊಂದು ತುದಿ ಹಿಡಿದು ವೇದಿಕೆ ಹತ್ತಿದರು. ಭಾಷಣ ಮಾಡಲಿಲ್ಲ. ಚೀಲದಿಂದ ಎರಡು ಕೊಂಡಿ ತೆಗೆದರು, ಒಂದು ಬಳಸಿದ್ದು, ಒಂದು ಬಳಸದ್ದು. ಮುಂದಿನ ಸಾಲಿನವರ ಕೈಗೆ ಕೊಟ್ಟು ಹಿಂದಕ್ಕೆ ಸಾಗಿಸಿ ಎಂದರು. ಸಭೆಯಲ್ಲಿದ್ದವರೆಲ್ಲ ಕಬ್ಬಿಣ, ಹಿತ್ತಾಳೆ, ಚರ್ಮ ಮುಟ್ಟಿ ಬದುಕುವವರು. ಸವೆತ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ಕೊಂಡಿಗಳು ಕೈಯಿಂದ ಕೈಗೆ ದಾಟಿ ಕೊನೆಯ ಸಾಲು ಮುಟ್ಟಿದವು. "ಒಂದು ವರ್ಷ ಕೊಟ್ವಿ. ಅವ್ರು ಮಾತಾಡ್ಲಿಲ್ಲ, ಫೋಟೋ ಕಳ್ಸಿದ್ರು. ಇನ್ನು ಅಲ್ಲಿ ನಮ್ಮದು ಒಂದು ಬಿಡಿಗಾಸೂ ಇರ್ಬಾರ್ದು," ಎಂದಷ್ಟೇ ಹೇಳಿ ಕೆಳಗಿಳಿದರು.

ಪರವಾಗಿ ಆರುನೂರ ಹನ್ನೊಂದು ಮತ, ವಿರೋಧವಾಗಿ ಐನೂರ ನಲವತ್ತೆಂಟು. ಆರು ತಿಂಗಳಲ್ಲಿ ನಿಧಿ ಆ ಕಂಪನಿಯಿಂದ ಪೂರ್ತಿ ಹೊರಬಂತು. ಸದಸ್ಯರ ಪಿಂಚಣಿ ತಿಂಗಳಿಗೆ ಎರಡು ಲೋಟ ಟೀಯಷ್ಟು ಕಡಿಮೆಯಾಯಿತು. ಇವತ್ತಿಗೂ ಪೇಟೆಯಲ್ಲಿ ಕೆಲವರು ಇವರನ್ನು ಕಂಡರೆ, "ನನ್ನ ಎರಡು ಟೀ ಎಲ್ಲಿ?" ಎಂದು ಕುಟುಕುತ್ತಾರೆ. ಇವರೂ ಬಿಡುವುದಿಲ್ಲ. "ಬನ್ನಿ, ನಾನೇ ಕುಡಿಸ್ತೀನಿ. ಕುಡೀತಾ ಆ ಬಾಗಿಲ ವಿಷ್ಯ ಮಾತಾಡೋಣ," ಎನ್ನುತ್ತಾರೆ. ಆ ಟೀಗೆ ಇದುವರೆಗೆ ಯಾರೂ ಬಂದಿಲ್ಲವಂತೆ.

ಒಂದು ಸಣ್ಣ ಸಂಘದ ಷೇರು ಹೋದರೆ ದೊಡ್ಡ ಕಂಪನಿಗೆ ಸೊಳ್ಳೆ ಕಚ್ಚಿದಷ್ಟೂ ಅಲ್ಲ. ಆದರೆ ಸುದ್ದಿ ಹೋಯಿತು. ಬಸ್ ನೌಕರರ ನಿಧಿ ಕೇಳಿತು, ನರ್ಸ್‌ಗಳ ನಿಧಿ ಕೇಳಿತು, ಎರಡೂ ಹೊರಬಂದವು. ಆ ಕಂಪನಿಯ ಅಂಗಿ ಮಾರುವ ದೊಡ್ಡ ಅಂಗಡಿಯೊಂದು, ಕೊಂಡಿ ಕಥೆ ಏನು ಎಂದು ಪತ್ರ ಬರೆಯಿತು. ಸಸಿ ನೆಡುವ ಚಿತ್ರದಿಂದ ಆ ಪತ್ರಕ್ಕೆ ಉತ್ತರ ಕೊಡಲಾಗಲಿಲ್ಲ. ಎರಡು ವರ್ಷದ ಹಿಂದೆ ಕಂಪನಿ ಕಾರ್ಮಿಕರ ಸಂಘದ ಜೊತೆ ಒಪ್ಪಂದಕ್ಕೆ ಬಂತು. ಎರಡು ಹಾಸ್ಟೆಲುಗಳಲ್ಲಿ ಹೊರಗಿನ ಕೊಂಡಿ ಕಿತ್ತು ತಳ್ಳುಪಟ್ಟಿ ಹಾಕುವುದು, ಸಂಘ ನೇಮಿಸಿದವರಿಂದ ತಪಾಸಣೆ. ಸಂಘ ಯಾರನ್ನು ನೇಮಿಸಬೇಕು ಎಂಬ ಚರ್ಚೆ ಬಂದಾಗ ಮೊದಲು ಕೈಯೆತ್ತಿ ಬೀಗದಕ್ಕನ ಹೆಸರು ಹೇಳಿದವಳು ಕಾಲರ್.

ಕೂಲಿಯನ್ನು ಇವರು ಕಾರ್ಮಿಕರ ಸಂಘದಿಂದಷ್ಟೇ ಪಡೆಯುತ್ತಾರೆ. ಕಂಪನಿಯ ಆಳು ತಂದುಕೊಡುವ ಟೀಯನ್ನೂ ಮುಟ್ಟುವುದಿಲ್ಲ. "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತ ಗಾದೆ. ನಂದು ತಿರುಗುಮುರುಗು. ನಾಲ್ಕು ಜೀವ ಹೋದ್ಮೇಲೆ ಬಾಗಿಲು ತೆಗೀತಾ ಇದ್ದೀನಿ. ಇದಕ್ಕೆ ಸನ್ಮಾನ ಗಿನ್ಮಾನ ಅಂತ ಬಂದ್ರೆ ಅರ ತಗೊಂಡು ಓಡಿಸ್ತೀನಿ," ಎನ್ನುವಾಗ ದನಿ ಗಡುಸಾಗುತ್ತದೆ.

ಹೋರಾಟ ಇನ್ನೂ ಮುಗಿದಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಕಂಪನಿಗೆ ಮೂರನೆಯದೊಂದು ಹಾಸ್ಟೆಲಿದೆ. ಅದು ಗುತ್ತಿಗೆದಾರನದು, ನಮ್ಮದಲ್ಲ ಎಂಬುದು ಕಂಪನಿಯ ಹೊಸ ರಾಗ. ಪ್ರತಿ ಮಂಗಳವಾರ ಬೀಗದಕ್ಕ ಅಂಗಡಿ ಮುಚ್ಚಿ ಮೊದಲ ಬಸ್ಸು ಹಿಡಿಯುತ್ತಾರೆ. ಆ ಗೇಟಿನ ಎದುರು ಮಡಚುವ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಮೊದಮೊದಲು ಗೇಟಿನವನು ಗದರುತ್ತಿದ್ದ. ಈಗ "ಬಂದ್ರಾ ಅಮ್ಮಾ" ಎಂದು ಕೇಳಿ, ಒಳಗೆ ಬಿಡಲಾಗದ್ದಕ್ಕೆ ತಾನೇ ಮುಖ ಆ ಕಡೆ ತಿರುಗಿಸುತ್ತಾನೆ. ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಇವರು ಒಂದೇ ಪ್ರಶ್ನೆ ಕೇಳುತ್ತಾರೆ: "ಬೀಗದಕೈ ಯಾರ ಹತ್ರ ಇದೆ ಕಂದಾ?" ಮೊದಲ ವಾರಗಳಲ್ಲಿ ಯಾರೂ ಉತ್ತರಿಸುತ್ತಿರಲಿಲ್ಲ. ಈಗ ನಡೆಯುತ್ತಲೇ, ತಲೆ ತಗ್ಗಿಸಿಕೊಂಡೇ, ಹೊರಗಿಂದ ಬೀಗ ಬೀಳುವ ಕೋಣೆಯ ನಂಬರು ಹೇಳಿ ಮುಂದೆ ಸಾಗುತ್ತಾರೆ. ಹನ್ನೊಂದು ಕೋಣೆಗಳ ನಂಬರು ಕಾಲರ್ ಕೈ ಸೇರಿದೆ.

ಕಳೆದ ತಿಂಗಳು ಗುತ್ತಿಗೆದಾರ ಒಂದು ಪತ್ರ ಕಳುಹಿಸಿದ. ವಾರ ಮುಂಚೆ ತಿಳಿಸಿ, ದಿನ ಗೊತ್ತುಮಾಡಿಕೊಂಡು ಬಂದರೆ ಒಳಗೆ ಬಿಡುತ್ತೇವೆ ಎಂದು. ಬೀಗದಕ್ಕ ಪತ್ರದ ಬೆನ್ನಿಗೇ ಉತ್ತರ ಬರೆದು ಗೇಟಿನವನ ಕೈಗಿತ್ತರು: 'ಬೆಂಕಿ ದಿನ ಗೊತ್ತುಮಾಡಿಕೊಂಡು ಬರಲಿಲ್ಲ. ನಾನೂ ಬರುವುದಿಲ್ಲ.'

ಇನ್ನೆಷ್ಟು ಮಂಗಳವಾರ ಹೀಗೆ ಕೂರುತ್ತೀರಿ ಎಂದು ಕೇಳಿದರೆ ಭುಜ ಕುಣಿಸುತ್ತಾರೆ. ಆಸೆ ಏನು ಎಂದು ಕೇಳಿದರೆ ಮಾತ್ರ ಯೋಚಿಸಬೇಕಾಗುವುದಿಲ್ಲ.

"ಒಂದೇ ಒಂದು ಬೆಳಿಗ್ಗೆ ಆ ಗೇಟು ತೆಗೀಲಿ. ಹೊಸದೇನೂ ಹಾಕಲ್ಲ ನಾನು. ಇರೋದನ್ನ ಬಿಚ್ಚಿ, ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗ್ತೀನಿ."